ಬಚ್ಚಲಿನ ನಲ್ಲಿ ಬಿಚ್ಚುವ ಮುಂಚೆ ಬರೆ ಹತ್ತಿ ನೋಡಿ: ಕೊಡಗಿನ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಜುಲೈನಲ್ಲಿ ಪ್ಲಂಬರ್‌ಗೆ ಫೋನ್ ಮಾಡಿದರೆ ಬರುವ ಉತ್ತರ ಒಂದೇ: "ಮಳೆ ಸ್ವಲ್ಪ ಬಿಡ್ಲಿ ಅಣ್ಣಾ, ಬರ್ತೀನಿ." ಕಕ್ಕಡದ (ಕೊಡವರ ಜುಲೈ-ಆಗಸ್ಟ್ ನಡುವಿನ ತಿಂಗಳ) ಮಳೆ ಯಾವಾಗ ಬಿಟ್ಟೀತು ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಅವರನ್ನು ದೂರಿ ಪ್ರಯೋಜನವಿಲ್ಲ. ಒಂದು ವಾಷರ್ ಹಾಕೋದಕ್ಕೆ ವಿರಾಜಪೇಟೆಯಿಂದ ತೋಟದ ದಾರಿಯಲ್ಲಿ ಜೀಪು ಹತ್ತಿಸಿಕೊಂಡು ಬಂದರೆ ಅವರಿಗೆ ಡೀಸೆಲ್ ದುಡ್ಡೂ ಹುಟ್ಟಲ್ಲ. ಹಾಗಾಗಿ ಸಣ್ಣಪುಟ್ಟದ್ದನ್ನು ನಾವೇ ಮಾಡಿಕೊಳ್ಳಬೇಕು. ಯಾವುದು ಸಣ್ಣದು, ಯಾವುದು ಅಲ್ಲ ಅಂತ ಗೊತ್ತಾಗುವುದೇ ಇದರಲ್ಲಿ ಅರ್ಧ ಕೆಲಸ.

ಬೆಂಗಳೂರಿನ ಮನೆಯಲ್ಲಿ ನೀರು ಸೂರಿನ ಮೇಲಿನ ಟ್ಯಾಂಕಿಂದ ಇಳಿದು ಬೀದಿಯ ಚರಂಡಿಗೆ ಹೋಗುತ್ತದೆ. ನಮ್ಮಲ್ಲಿ ಟ್ಯಾಂಕ್ ಇರುವುದು ಮನೆ ಹಿಂದಿನ ಬರೆಯ (ಕಡಿದಾದ ಮಣ್ಣಿನ ಇಳಿಜಾರಿನ) ಮೇಲೆ, ಪೈಪ್ ಬರುವುದು ಕಾಫಿ ಗಿಡಗಳ ನಡುವೆ, ಪಿಟ್ (ಶೌಚದ ಗುಂಡಿ) ಇರುವುದು ಕೆಳಗಿನ ಸಿಲ್ವರ್ ಓಕ್ ಮರದ ಬುಡದಲ್ಲಿ. ಬಚ್ಚಲಲ್ಲಿ ಕಾಣುವ ತೊಂದರೆ ಬಚ್ಚಲಲ್ಲೇ ಹುಟ್ಟಿರಬೇಕೆಂದಿಲ್ಲ. ಪಾನಾ ಕೈಗೆ ತಗೊಳ್ಳುವ ಮುಂಚೆ ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ ಓಡಾಡಿ ಬನ್ನಿ.

ಮೊದಲು ವಾಲ್ವ್

ಯಾವ ರಿಪೇರಿಗಾದರೂ ಮೊದಲು ನೀರು ನಿಲ್ಲಬೇಕು. ವಾಷ್ ಬೇಸಿನ್, ಫ್ಲಶ್ ಟ್ಯಾಂಕ್, ಗೀಸರ್ ಇವುಗಳ ಕೆಳಗೆ ಆಂಗಲ್ ಕಾಕ್ ಇರುತ್ತದೆ, ಅದನ್ನು ಮುಚ್ಚಿದರೆ ಸಾಕು. ಗೋಡೆಯ ನಲ್ಲಿಗೆ ಆ ಸೌಕರ್ಯ ಇರಲ್ಲ, ಟ್ಯಾಂಕಿನ ಹತ್ತಿರದ ಗೇಟ್ ವಾಲ್ವ್‌ಗೇ ಹೋಗಬೇಕು.

ಮುಚ್ಚಿದ ಮೇಲೆ ಅದೇ ಪೈಪಿನ ಅತ್ಯಂತ ಕೆಳಗಿನ ನಲ್ಲಿ ತೆರೆದು, ನೀರು ಪೂರ್ತಿ ನಿಂತಿದೆಯಾ ಅಂತ ನೋಡಿ. ನಾನು ಒಂದು ಸಲ ನೋಡಲಿಲ್ಲ. ವಾಲ್ವ್ ತಿರುಗಿತು, ಮುಚ್ಚಿತು ಅಂದುಕೊಂಡೆ. ಒಳಗಿನ ಗೇಟ್ ಕಳಚಿ ಹಿಡಿ ಮಾತ್ರ ತಿರುಗುತ್ತಿತ್ತು. ನಲ್ಲಿಯ ತಲೆ ಬಿಚ್ಚಿದ್ದೇ ತಡ, ಸ್ಪಿಂಡಲ್ (ಹಿಡಿಯ ಜೊತೆ ತಿರುಗುವ ಒಳಗಿನ ಭಾಗ) ಎದುರು ಗೋಡೆಗೆ ಹೊಡೆಯಿತು, ಅದರ ಹಿಂದೆಯೇ ನೀರಿನ ಕಂಬ. ಅಂಗೈಯಲ್ಲಿ ಒತ್ತಿ ಹಿಡಿಯಲು ಆಗಲಿಲ್ಲ. ಮಳೆಯಲ್ಲಿ ಬರೆ ಹತ್ತಿ ಟ್ಯಾಂಕಿನ ಔಟ್‌ಲೆಟ್‌ಗೆ ಬಟ್ಟೆ ತುರುಕಿ ಇಳಿದು ಬರುವಷ್ಟರಲ್ಲಿ ಕಾಲಿಗೆ ನಾಲ್ಕು ಜಿಗಣೆ, ಹಾಲ್‌ನಲ್ಲಿ ಪಾದ ಮುಳುಗುವಷ್ಟು ನೀರು. ಟ್ಯಾಂಕ್ ಪ್ರತಿ 10 ಮೀಟರ್ ಎತ್ತರಕ್ಕೂ ನಲ್ಲಿಯಲ್ಲಿ ಸುಮಾರು 1 ಬಾರ್ ಒತ್ತಡ ಕೂಡುತ್ತದೆ. ನಮ್ಮದು 25 ಮೀಟರ್ ಮೇಲಿದೆ. ಲೆಕ್ಕ ನೀವೇ ಹಾಕಿ.

ಸಾಮಾನು ಬಹಳ ಬೇಡ: ಒಂದು ಅಡ್ಜಸ್ಟಬಲ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಬಿಳಿ ಟೆಫ್ಲಾನ್ ಟೇಪ್ ಎರಡು ಸುರುಳಿ, ಅರ್ಧ ಇಂಚಿನ ವಾಷರ್ ಐದಾರು, ಹಳೇ ಟೂತ್ ಬ್ರಶ್, ರಬ್ಬರ್ ಪ್ಲಂಜರ್, ಬಕೆಟ್, ಟಾರ್ಚ್. ಟಾರ್ಚ್ ಮರೀಬೇಡಿ. ಮಳೆಗಾಲದಲ್ಲಿ ನಲ್ಲಿ ಕೆಡುವ ದಿನವೇ ಕರೆಂಟೂ ಹೋಗಿರುತ್ತದೆ.

ನಲ್ಲಿ ಮುಚ್ಚಿದರೂ ತೊಟ್ಟಿಕ್ಕುತ್ತಿದೆ

ತೊಟ್ಟು ಎಲ್ಲಿಂದ ಬೀಳುತ್ತಿದೆ ಅಂತ ಒಣಬಟ್ಟೆಯಲ್ಲಿ ಒರೆಸಿ ನೋಡಿ. ಬಾಯಿಂದ ಬಿದ್ದರೆ ಒಳಗಿನ ವಾಷರ್ ಅಥವಾ ಸ್ಪಿಂಡಲ್ ಸವೆದಿದೆ. ಹಿಡಿಯ ಬುಡದಲ್ಲಿ ಒಸರಿದರೆ ಅಲ್ಲಿನ ಪ್ಯಾಕಿಂಗ್ ಸಡಿಲವಾಗಿದೆ. ಗೋಡೆ ಸೇರುವ ಕಡೆ ಒಸರಿದರೆ ಥ್ರೆಡ್ಡಿನ ಟೇಪ್ ಹೋಗಿದೆ.

ಮೂರ್ನಾಲ್ಕು ಸುತ್ತು ತಿರುಗಿಸಿ ಮುಚ್ಚುವ ಹಳೇ ನಲ್ಲಿಯಾದರೆ ಕೆಲಸ ಸುಲಭ. ನೀರು ನಿಲ್ಲಿಸಿ, ನಲ್ಲಿಯ ತಲೆಯನ್ನು ಸ್ಪ್ಯಾನರ್‌ನಿಂದ ಎಡಕ್ಕೆ ಬಿಚ್ಚಿ, ಕೆಳಗಿನ ವಾಷರ್ ತೆಗೆದು ಹೊಸದು ಹಾಕಿ. ಅದು ಕೂರುವ ಹಿತ್ತಾಳೆ ಅಂಚನ್ನು ಬೆರಳಿನಿಂದ ಒಮ್ಮೆ ಸವರಿ. ಉಗುರಿಗೆ ಗುಂಡಿ ಸಿಕ್ಕರೆ ಎಷ್ಟು ವಾಷರ್ ಹಾಕಿದರೂ ತಿಂಗಳೊಳಗೆ ಮತ್ತೆ ತೊಟ್ಟಿಕ್ಕುತ್ತದೆ, ನಲ್ಲಿಯನ್ನೇ ಬದಲಿಸಿ.

ಕಾಲು ಸುತ್ತಿಗೆ ತೆರೆದುಕೊಳ್ಳುವ ಹೊಸ ನಲ್ಲಿಯಲ್ಲಿ ರಬ್ಬರ್ ವಾಷರ್ ಬದಲು ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ತೋಡಿನ (ಸಣ್ಣ ಹೊಳೆಯ) ನೀರಿನ ಜೊತೆ ಬರುವ ಸಣ್ಣ ಮರಳು ಅವುಗಳ ನಡುವೆ ಸಿಕ್ಕಿಕೊಂಡು ಗೀರುತ್ತದೆ. ಮೊದಲು ಸ್ಪಿಂಡಲ್ ತೆಗೆದು ಬಕೆಟ್ ನೀರಿನಲ್ಲಿ ಆಡಿಸಿ ತೊಳೆದು ಮತ್ತೆ ಕೂರಿಸಿ. ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಹೊಸ ಸ್ಪಿಂಡಲ್. ಅಂಗಡಿಗೆ ಹಳೆಯದನ್ನು ಜೇಬಲ್ಲಿ ಹಾಕಿಕೊಂಡೇ ಹೋಗಿ. "ಅರ್ಧ ಇಂಚಿನ ಸ್ಪಿಂಡಲ್ ಕೊಡಿ" ಅಂತ ಬಾಯಲ್ಲಿ ಹೇಳಿದರೆ ಉದ್ದ ಬೇರೆ, ಹಲ್ಲು ಬೇರೆ ಇರುವುದು ಸಿಗುತ್ತದೆ, ಮತ್ತೊಂದು ಸಂತೆ ದಿನಕ್ಕೆ ಕಾಯಬೇಕಾಗುತ್ತದೆ.

ಟೇಪ್ ಸುತ್ತುವಾಗ ಥ್ರೆಡ್ಡಿನ ತುದಿ ನಿಮ್ಮ ಕಡೆಗಿರಲಿ, ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ ಎಂಟು ಹತ್ತು ಸುತ್ತು ಬಿಗಿಯಾಗಿ ಎಳೆದು ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿ ಕೂರಿಸುವಾಗ ಟೇಪ್ ಬಿಚ್ಚಿಕೊಂಡು ಹೊರಗೆ ಬರುತ್ತದೆ.

ಇಲ್ಲಿ ನಿಲ್ಲಿಸಿ: ಹಳೇ ನಲ್ಲಿ ತಿರುಗುವಾಗ ಗೋಡೆಯೊಳಗಿನ ಪೈಪೂ ಜೊತೆಗೆ ತಿರುಗುತ್ತಿದೆ ಅನ್ನಿಸಿದರೆ ಜೋರು ಮಾಡಬೇಡಿ. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಒಳಗೇ ಮುರಿದರೆ ಟೈಲ್ಸ್ ಒಡೆಯದೆ ಗತಿಯಿಲ್ಲ.

ನೀರು ಸಣ್ಣಗೆ ಬರುತ್ತಿದೆ, ಅಥವಾ ಬುಸ್ ಅಂದು ನಿಲ್ಲುತ್ತಿದೆ

ನಮ್ಮ ಕಡೆ ಅತಿ ಹೆಚ್ಚು ಜನ ತಪ್ಪಾಗಿ ನಲ್ಲಿ ಬಿಚ್ಚುವುದು ಇದಕ್ಕೇ.

ಮೊದಲ ಪ್ರಶ್ನೆ: ಒಂದೇ ನಲ್ಲಿಯಲ್ಲೋ, ಮನೆಯೆಲ್ಲಾನೋ? ಒಂದರಲ್ಲೇ ಆದರೆ ಅದರ ಮೂತಿಯ ಜಾಲರಿಯಲ್ಲಿ ಮಣ್ಣು ಕೂತಿದೆ. ಕೈಯಲ್ಲೇ ತಿರುಗಿಸಿ ತೆಗೆದು ಬ್ರಶ್ಶಿನಲ್ಲಿ ಉಜ್ಜಿ. ಬೋರ್‌ವೆಲ್ ನೀರಿನ ಕಂದು ಅಥವಾ ಬಿಳಿ ಗಟ್ಟಿ ಪದರ ಇದ್ದರೆ ನಿಂಬೆರಸದಲ್ಲಿ ಒಂದು ರಾತ್ರಿ ನೆನೆಸಿ. ಕಾಚಂಪುಳಿ (ಕೊಡಗಿನ ಕಪ್ಪು ಹಣ್ಣಿನ ಹುಳಿ) ಕೂಡ ಹುಳಿಯೇ, ಆದರೆ ಅದನ್ನು ಪಂದಿ ಕರಿಗೇ (ಹಂದಿ ಮಾಂಸದ ಸಾರಿಗೇ) ಉಳಿಸಿಕೊಳ್ಳಿ, ಈಗಿನ ರೇಟಿಗೆ ಜಾಲರಿಗೆ ಹಾಕುವ ವಸ್ತು ಅಲ್ಲ. ಶವರ್‌ನ ತೂತುಗಳಿಗೂ ಇದೇ ಮದ್ದು. ಟ್ಯಾಂಕ್ ಸೂರಿನ ಮೇಲೇ ಇದ್ದು, ಶವರ್‌ಗಿಂತ ಎರಡು ಮೀಟರ್ ಮಾತ್ರ ಎತ್ತರದಲ್ಲಿದ್ದರೆ ಒತ್ತಡ 0.2 ಬಾರ್ ಅಷ್ಟೇ. ಅಲ್ಲಿ ಏನೂ ಕೆಟ್ಟಿಲ್ಲ, ಎತ್ತರ ಸಾಲದು.

ಮನೆಯೆಲ್ಲಾ ಸಣ್ಣಗೆ ಬಂದರೆ ಬರೆ ಹತ್ತಿ. ಟ್ಯಾಂಕಿನ ಮುಚ್ಚಳ ತೆಗೆದು ನೀರಿದೆಯಾ ನೋಡಿ. ನಗಬೇಡಿ, ಮೂರು ನಲ್ಲಿ ಬಿಚ್ಚಿದ ಮೇಲೆ ಟ್ಯಾಂಕ್ ಖಾಲಿ ಅಂತ ಗೊತ್ತಾದವರಿದ್ದಾರೆ. ನೀರಿದ್ದರೆ ಔಟ್‌ಲೆಟ್ಟಿನ ಬಾಯಿ ನೋಡಿ: ಕೊಳೆತ ಎಲೆ, ಪಾಚಿ, ಒಂದೊಂದು ಸಲ ಕಪ್ಪೆ. ಒರತೆಯಿಂದ ಪೈಪ್ ಎಳೆದಿದ್ದರೆ ಅಲ್ಲಿನ ಜಾಲರಿಯೂ ಮಳೆಗೆ ಕಸ ಕಟ್ಟಿಕೊಳ್ಳುತ್ತದೆ. ಆಮೇಲೆ ಪೈಪ್ ದಾರಿಯಲ್ಲೇ ಇಳಿದು ಬನ್ನಿ. ಮಣ್ಣಿನ ಮೇಲೆ ಹಾಸಿದ ಕಪ್ಪು ಪೈಪ್ ಚಪ್ಪಟೆಯಾಗಿದ್ದು ಪಕ್ಕದಲ್ಲಿ ಲದ್ದಿ ಬಿದ್ದಿದ್ದರೆ ಅಪರಾಧಿ ಯಾರೆಂದು ಹೇಳಬೇಕಾಗಿಲ್ಲ. ಆನೆ ಓಡಾಡುವ ಜಾಗವಾದರೆ ಬೆಳಿಗ್ಗೆ ಬೆಳಕು ಪೂರ್ತಿ ಹರಿದ ಮೇಲೇ ಹೋಗಿ, ಒಬ್ಬರೇ ಹೋಗಬೇಡಿ.

ಎಲ್ಲವೂ ಸರಿಯಿದ್ದು ನಲ್ಲಿ ಬುಸ್ ಅಂತ ಗಾಳಿ ಬಿಟ್ಟು, ಕೆಮ್ಮಿದ ಹಾಗೆ ನೀರು ಉಗುಳಿ ನಿಂತರೆ ಪೈಪಿನಲ್ಲಿ ಗಾಳಿ ಕಟ್ಟಿದೆ. ಪೈಪ್ ಒಂದೇ ಸಮ ಇಳಿಯದೆ ನಡುವೆ ಒಂದು ದಿಣ್ಣೆ ಹತ್ತಿ ಇಳಿದಿದ್ದರೆ, ಟ್ಯಾಂಕ್ ಒಮ್ಮೆ ಖಾಲಿಯಾದ ಮೇಲೆ ಆ ದಿಣ್ಣೆಯ ತಲೆಯಲ್ಲಿ ಗಾಳಿ ಕೂತುಬಿಡುತ್ತದೆ, ನೀರಿಗೆ ಅದನ್ನು ತಳ್ಳುವಷ್ಟು ಬಲ ಇರುವುದಿಲ್ಲ. ಖರ್ಚಿಲ್ಲದ ಉಪಾಯ: ಟ್ಯಾಂಕ್ ತುಂಬಿಸಿ, ಮನೆಯ ಅತಿ ಕೆಳಗಿನ ನಲ್ಲಿಯನ್ನು, ಅಂಗಳದ್ದಾದರೆ ಇನ್ನೂ ಒಳ್ಳೆಯದು, ಪೂರ್ತಿ ತೆರೆದು ಹತ್ತು ಹದಿನೈದು ನಿಮಿಷ ಬಿಡಿ. ಆಗದಿದ್ದರೆ ದಿಣ್ಣೆಯ ಹತ್ತಿರದ ಜೋಡಣೆಯನ್ನು ಸ್ವಲ್ಪ ಸಡಿಲಿಸಿ. ಗಾಳಿ ಸಿಳ್ಳೆ ಹಾಕಿ ಹೋಗುತ್ತದೆ, ನೀರು ಚಿಮ್ಮಿದ ಕೂಡಲೇ ಬಿಗಿ ಮಾಡಿ. ಪ್ರತಿ ವರ್ಷ ಇದೇ ಪಾಡಾದರೆ ಆ ಜಾಗದಲ್ಲಿ ಒಂದು ಟೀ (T ಆಕಾರದ ಪೈಪ್ ಜೋಡಣೆ) ಹಾಕಿ ಸಣ್ಣ ವಾಲ್ವ್ ಕೂರಿಸಿಬಿಡಿ. ಗಾಳಿ ದಿಣ್ಣೆಯಲ್ಲಿ, ಮಣ್ಣು ತಗ್ಗಿನಲ್ಲಿ. ತಗ್ಗಿನಲ್ಲೂ ಒಂದು ವಾಲ್ವ್ ಇದ್ದರೆ ಮಳೆಗಾಲ ಮುಗಿದ ಮೇಲೆ ಕೆಸರು ತೆಗೆಯಲು ಸುಲಭ.

ಫ್ಲಶ್ ಟ್ಯಾಂಕ್ ರಾತ್ರಿಯಿಡೀ ಸಣ್ಣಗೆ ಸದ್ದು ಮಾಡುತ್ತಿದೆ

ಮುಚ್ಚಳ ಎತ್ತಿ. ಕನ್ಸೀಲ್ಡ್ ಟ್ಯಾಂಕ್ ಆದರೆ ಗೋಡೆಯ ಬಟನ್ ಪ್ಲೇಟ್ ತೆಗೆದರೆ ಒಳಗೆ ಕಾಣುತ್ತದೆ, ಕೈಯಾಡಿಸಲು ಜಾಗ ಕಡಿಮೆ. ನಡುವೆ ನಿಂತಿರುವ ಓವರ್‌ಫ್ಲೋ ಕೊಳವೆಯ ತುದಿಗಿಂತ ನೀರು ಒಂದು ಇಂಚು ಕೆಳಗಿರಬೇಕು. ತುದಿ ದಾಟಿ ಒಳಗೆ ಸುರಿಯುತ್ತಿದ್ದರೆ ಬಾಲ್ ಕಾಕ್‌ನ (ಟ್ಯಾಂಕ್ ತುಂಬಿದಾಗ ನೀರು ತಾನೇ ನಿಲ್ಲಿಸುವ ವಾಲ್ವಿನ) ಸ್ಕ್ರೂ ತಿರುಗಿಸಿ ಮಟ್ಟ ಇಳಿಸಿ. ಇಳಿಸಿದರೂ ನಿಲ್ಲದಿದ್ದರೆ ಅದರ ಒಳಗಿನ ರಬ್ಬರಿಗೆ ಮಣ್ಣು ಸಿಕ್ಕಿದೆ, ತೊಳೆಯಿರಿ.

ಮಟ್ಟ ಸರಿಯಿದ್ದೂ ಕಮೋಡ್‌ಗೆ ನೀರು ಇಳಿಯುತ್ತಿದೆಯಾ ಅಂತ ತಿಳಿಯಲು ಟ್ಯಾಂಕಿಗೆ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡ್‌ನಲ್ಲಿ ಬಣ್ಣ ಕಂಡರೆ ಅಡಿಯ ರಬ್ಬರ್ ಸೀಲ್ ಹೋಗಿದೆ. ಆಗಸ್ಟ್ 3ರ ಸುಮಾರಿಗಾದರೆ ಬಣ್ಣ ಹುಡುಕುವ ಕೆಲಸವಿಲ್ಲ, ಮದ್ದು ತೊಪ್ಪು (ಆಗ ಕೊಡಗಿನಲ್ಲಿ ಪಾಯಸಕ್ಕೆ ಹಾಕುವ ಔಷಧಿ ಸೊಪ್ಪು) ಬೇಯಿಸಿದ ನೇರಳೆ ನೀರು ಒಂದು ಲೋಟ ಸಾಕು. ಆದರೆ ಆ ದಿನದ, ಅಂದರೆ ಕಕ್ಕಡ 18ರ, ಪಾಯಸ ತಿಂದವರ ಮೂತ್ರ ಕೆಂಪಾಗುತ್ತದೆ, ಹಾಗಾಗಿ ಅಂಥ ಮನೆಯಲ್ಲಿ ಕಮೋಡ್ ಕೆಂಪಗೆ ಕಂಡರೆ ಸೀಲನ್ನು ಅನುಮಾನಿಸುವ ಮುಂಚೆ ಪಾಯಸ ತಿಂದವರನ್ನು ವಿಚಾರಿಸಿ. ನಮ್ಮ ಹೋಂಸ್ಟೇಗೆ ಬಂದಿದ್ದ ಅತಿಥಿಯೊಬ್ಬರು ಮರುದಿನ ಬೆಳಿಗ್ಗೆ ಮುಖ ಬಿಳಿಚಿಕೊಂಡು ಬಂದು ಆಸ್ಪತ್ರೆ ಎಲ್ಲಿದೆ ಅಂತ ಕೇಳಿದ್ದರು. ಅವ್ವ ನಗು ತಡೆದುಕೊಂಡು ಎರಡನೇ ಬಟ್ಟಲು ಪಾಯಸ ತಂದಿಟ್ಟರು.

ಸೀಲ್ ಬದಲಿಸುವಾಗಲೂ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಪಿಂಗಾಣಿಯ ಮೇಲೆ ಬೋಲ್ಟ್ ಬಿಗಿಮಾಡುವಾಗ ಕೈಯ ಬಿಗಿ ಸಾಕು, ಸ್ಪ್ಯಾನರ್ ಹಾಕಿ ಎಳೆದರೆ ಪಿಂಗಾಣಿ ಸೀಳುತ್ತದೆ.

ಬಚ್ಚಲಲ್ಲಿ ನೀರು ನಿಲ್ಲುತ್ತಿದೆ, ಬೇಸಿನ್ ಇಳಿಯುತ್ತಿಲ್ಲ

ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಹಗಲಲ್ಲೂ ಅಷ್ಟು ಬಿಸಿ ಇರುವುದಿಲ್ಲ. ಎಣ್ಣೆ ಸ್ನಾನದ ಜಿಡ್ಡು, ಸೀಗೆಪುಡಿ, ಕೂದಲು ಸೇರಿ ನಹಾನಿ ಟ್ರ್ಯಾಪ್‌ನಲ್ಲಿ (ಬಚ್ಚಲ ನೆಲದ ಜಾಲರಿಯ ಕೆಳಗೆ ಸದಾ ನೀರು ನಿಲ್ಲುವ ಭಾಗದಲ್ಲಿ) ಮೇಣದ ಉಂಡೆಯಾಗುತ್ತದೆ. ಊಟದ ಹಾಲ್‌ನ ಬೇಸಿನ್‌ನಲ್ಲಿ ಪಂದಿ ಕರಿ ತಿಂದ ಕೈ ತೊಳೆದಾಗ ಹೋಗುವ ಕೊಬ್ಬಿನ ಕತೆಯೂ ಇದೇ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಮರುದಿನ ಬೇಸಿನ್ ಕಟ್ಟಿಕೊಂಡರೆ ಆಶ್ಚರ್ಯಪಡಬೇಡಿ.

ಜಾಲರಿ ಎತ್ತಿ, ಒಳಗಿನ ಬಟ್ಟಲು ತೆಗೆದು, ಕೈಗವಸು ಹಾಕಿ ಕೂದಲನ್ನು ಎಳೆದು ತೆಗೆಯಿರಿ. ಆಮೇಲೆ ಸ್ನಾನಕ್ಕೆ ತಡೆಯುವಷ್ಟು ಬಿಸಿಯ ನೀರು, ಒಂದಿಷ್ಟು ಪಾತ್ರೆ ತೊಳೆಯುವ ಸೋಪು. ಹಂಡೆಯ ಕುದಿನೀರನ್ನು ಹಾಗೇ ಸುರಿಯಬೇಡಿ, ಪಿವಿಸಿ ಪೈಪ್ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಬೇಸಿನ್‌ಗೆ ಪ್ಲಂಜರ್ ಒತ್ತುವಾಗ ಮೇಲಿನ ಓವರ್‌ಫ್ಲೋ ತೂತಿಗೆ ಒದ್ದೆ ಬಟ್ಟೆ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಗಾಳಿ ಅಲ್ಲಿಂದಲೇ ಹೋಗುತ್ತದೆ. ಇದಕ್ಕೂ ಬಗ್ಗದಿದ್ದರೆ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪ್‌ನ (ಬೇಸಿನ್ ಕೆಳಗಿನ ಬಾಟಲಿಯಂಥ ಭಾಗದ) ಬುಡವನ್ನು ಕೈಯಲ್ಲಿ ತಿರುಗಿಸಿ ತೆಗೆದು ತೊಳೆಯಿರಿ. ಮಗಳ ಕಿವಿಯೋಲೆ ಕಳೆದುಹೋಗಿದ್ದರೆ ಅದೂ ಅಲ್ಲೇ ಸಿಗಬಹುದು.

ಎಚ್ಚರಿಕೆ: ಕಮೋಡ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದಿಗೂ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಡ್ರೈನ್ ಕ್ಲೀನರ್ ಹರಳು ಹಾಕಿದ್ದರೆ ಅದರ ಮೇಲೆ ಪ್ಲಂಜರ್ ಒತ್ತಬೇಡಿ, ಕ್ಷಾರ ಕಣ್ಣಿಗೆ ಹಾರುತ್ತದೆ.

ಫ್ಲಶ್ ಮಾಡಿದರೆ ಕಮೋಡ್‌ನ ನೀರು ಮೇಲೇರುತ್ತಿದೆ

ಬೇರೆ ಬಚ್ಚಲು, ಬೇಸಿನ್ ಎಲ್ಲ ಸರಾಗ ಇಳಿದು ಇದೊಂದೇ ಕಟ್ಟಿದ್ದರೆ ಅಡ್ಡ ಇರುವುದು ಇದರ ಬಾಗಿನಲ್ಲಿ. ಪ್ಲಂಜರ್ ಹಾಕಿ. ಎಲ್ಲವೂ ನಿಧಾನವಾದರೆ, ಅದರಲ್ಲೂ ಕಮೋಡ್ ಫ್ಲಶ್ ಮಾಡಿದಾಗ ಬಚ್ಚಲಿನ ಟ್ರ್ಯಾಪ್ ಗುಳುಗುಳು ಅಂದರೆ, ತೊಂದರೆ ಹೊರಗಿದೆ. ಅಂಗಳದ ಚೇಂಬರ್ (ಕೊಳಚೆ ಪೈಪ್ ಹಾದುಹೋಗುವ ಸಣ್ಣ ತೊಟ್ಟಿ) ಮುಚ್ಚಳ ಎತ್ತಿ ನೋಡಿ. ಖಾಲಿಯಿದ್ದರೆ ಕಟ್ಟಿರುವುದು ಮನೆ ಮತ್ತು ಚೇಂಬರ್ ನಡುವೆ. ತುಂಬಿ ನಿಂತಿದ್ದರೆ ಅಲ್ಲಿಂದ ಕೆಳಗೆ: ಸಿಲ್ವರ್ ಮರದ ಬೇರು ಪೈಪಿನೊಳಗೆ ನುಗ್ಗಿರಬಹುದು, ಇಲ್ಲವೇ ಪಿಟ್ ತುಂಬಿರಬಹುದು.

ಬಿಟ್ಟುಬಿಡದೆ ವಾರಗಟ್ಟಲೆ ಮಳೆ ಹೊಡೆದಾಗ ಪಿಟ್ ತುಂಬುವುದು ಗಲೀಜಿನಿಂದಲ್ಲ, ನೆಲದ ನೀರಿನಿಂದ. ಸುತ್ತಲಿನ ಮಣ್ಣೇ ನೆನೆದಿರುವಾಗ ಪಿಟ್‌ನ ನೀರು ಇಂಗುವುದಾದರೂ ಎಲ್ಲಿಗೆ? ಸೂರಿನ ನೀರಿನ ಪೈಪನ್ನು ಯಾರಾದರೂ ಚೇಂಬರಿಗೆ ಬಿಟ್ಟಿದ್ದರೆ ಮೊದಲು ಅದನ್ನು ತಪ್ಪಿಸಿ. ಬಟ್ಟೆ ಒಗೆದ ನೀರನ್ನು ಕೆಲವು ದಿನ ಬೇರೆ ಕಡೆ ಬಿಡಿ. ಅವಸರಪಟ್ಟು ಮಳೆಯ ನಡುವೆ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಬೇಡಿ. ಪ್ಲಾಸ್ಟಿಕ್ ಸೆಪ್ಟಿಕ್ ಟ್ಯಾಂಕ್ ಆದರೆ ಕೆಳಗಿನ ನೀರು ಅದನ್ನು ದೋಣಿಯ ಹಾಗೆ ಮೇಲೆ ಎತ್ತಿಬಿಡಬಹುದು.

ಇಲ್ಲಿ ನಿಲ್ಲಿಸಿ: ಸೆಪ್ಟಿಕ್ ಟ್ಯಾಂಕಿಗೆ ತಲೆ ಹಾಕಬೇಡಿ, ಇಳಿಯಬೇಡಿ, ತೋಟದ ಕೆಲಸದವರನ್ನು ಇಳಿಸಲೂ ಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಹೋದವರೂ ಬೀಳುತ್ತಾರೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯ ಪ್ರಕಾರ ಅಪರಾಧ. ಸಕ್ಕಿಂಗ್ ಗಾಡಿಯನ್ನೇ ಕರೆಸಿ.

ಎಷ್ಟು ತೊಳೆದರೂ ಬಚ್ಚಲು ನಾರುತ್ತಿದೆ

ಬಳಸದ ಕೋಣೆಯದಾದರೆ ಒಂದು ಬಕೆಟ್ ನೀರು ಸುರಿಯಿರಿ, ಮುಗಿಯಿತು. ಟ್ರ್ಯಾಪ್‌ನಲ್ಲಿ ಸದಾ ನಿಂತಿರುವ ನೀರೇ ಪಿಟ್‌ನ ವಾಸನೆಗೆ ಬಾಗಿಲು. ಫೆಬ್ರವರಿ, ಮಾರ್ಚ್‌ನಲ್ಲಿ ಅದು ಆರಿಹೋಗುತ್ತದೆ. ಹೋಂಸ್ಟೇಯವರು ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರಲ್ಲ. ದಿನಾ ಬಳಸುವ ಬಚ್ಚಲೂ ನಾರಿದರೆ ಹೊರಗಿನ ವೆಂಟ್ ಪೈಪಿನ ತುದಿ ನೋಡಿ. ಕಣಜ ಗೂಡು ಕಟ್ಟಿದ್ದರೆ ಬರಿಗೈಯಲ್ಲಿ ಹೋಗಬೇಡಿ.

ಬಚ್ಚಲಿನ ಗೋಡೆ ಒದ್ದೆ: ಪೈಪೋ, ಮಳೆಯೋ?

ಕೊಡಗಿನಲ್ಲಿ ಆಗಸ್ಟ್‌ನಲ್ಲಿ ಒಣಗಿದ ಗೋಡೆ ತೋರಿಸಿ ನೋಡೋಣ. ಅದಕ್ಕೇ ಟೈಲ್ಸ್ ಒಡೆಸುವ ಮುಂಚೆ ಮೂರು ಪರೀಕ್ಷೆ. ಮೂರಕ್ಕೂ ಸೇರಿ ಹತ್ತು ರೂಪಾಯಿ ಖರ್ಚು.

ಒದ್ದೆಯ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ. ಮಳೆ ಬಂದ ದಿನ ಹಿಗ್ಗಿ, ಬಿಟ್ಟ ದಿನ ಕುಗ್ಗಿದರೆ ಮಳೆ. ಮಳೆ ಹೊಡೆಯುವ ಪಶ್ಚಿಮದ ಗೋಡೆಯಾದರೆ ಅನುಮಾನವೇ ಬೇಡ. ಮಳೆಗೆ ಸಂಬಂಧವಿಲ್ಲದೆ ಹಿಗ್ಗುತ್ತಲೇ ಇದ್ದರೆ ಪೈಪ್.

ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಕಟ್ಟಿದರೆ ಅದು ಬಿಸಿನೀರಿನ ಹಬೆ, ಕಿಟಕಿ ತೆರೆದಿಡಿ.

ಮೂರನೆಯದು ರಾತ್ರಿ ಮಾಡುವಂಥದ್ದು. ಟ್ಯಾಂಕಿಗೆ ನೀರು ಬರುವುದನ್ನು ನಿಲ್ಲಿಸಿ, ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಮಾಡಿ. ಬೆಳಿಗ್ಗೆ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ. ಮರುರಾತ್ರಿ ಟ್ಯಾಂಕಿನ ಔಟ್‌ಲೆಟ್ ವಾಲ್ವನ್ನೂ ಮುಚ್ಚಿ ನೋಡಿ. ಆಗಲೂ ಇಳಿದರೆ ಸೋರುತ್ತಿರುವುದು ಟ್ಯಾಂಕ್ ಅಥವಾ ವಾಲ್ವ್, ಗೋಡೆಯಲ್ಲ.

ಪೈಪೇ ಅಂತ ಖಚಿತವಾದರೆ ಅದು ಪ್ಲಂಬರ್ ಕೆಲಸ. ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಆ ಲೈನಿನ ಎಂಸಿಬಿ ಇಳಿಸಿ, ಪ್ಲಂಬರ್‌ಗಿಂತ ಮುಂಚೆ ಎಲೆಕ್ಟ್ರಿಷಿಯನ್‌ರನ್ನು ಕರೆಸಿ.

ಬಿಸಿನೀರಿನ ತಕರಾರು, ನಲ್ಲಿ ಮುಟ್ಟಿದರೆ ಜುಮ್ ಅನ್ನುವುದು

ಜುಮ್ ಅಂದರೆ ಕೈ ತೆಗೆಯಿರಿ, ಒದ್ದೆ ನೆಲದಿಂದ ಹೊರಬನ್ನಿ, ಮೇನ್ ಆಫ್ ಮಾಡಿ. ರಬ್ಬರ್ ಚಪ್ಪಲಿ ಹಾಕಿಕೊಂಡು ಮತ್ತೊಮ್ಮೆ ಮುಟ್ಟಿ ನೋಡುವ ಪರೀಕ್ಷೆ ಬೇಡ. ಗೀಸರ್‌ನ ಕಾಯಿಲ್ ಸೀಳಿದೆ ಇಲ್ಲವೇ ಅರ್ತಿಂಗ್ ಹೋಗಿದೆ, ಎರಡೂ ನಮ್ಮ ಕೈಕೆಲಸವಲ್ಲ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಮನೆಗೆ ಹಾಕಿಸಿಲ್ಲದಿದ್ದರೆ ಅದೇ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ. ಗೀಸರ್‌ನ ಸೇಫ್ಟಿ ವಾಲ್ವ್ ನೀರು ಕಾಯುವಾಗ ಒಂದೆರಡು ತೊಟ್ಟು ಬಿಟ್ಟರೆ ಅದು ಕೆಟ್ಟಿಲ್ಲ. ಅದನ್ನು ಮುಚ್ಚಿಬಿಟ್ಟರೆ ಒಳಗಿನ ಒತ್ತಡಕ್ಕೆ ಟ್ಯಾಂಕೇ ಸಿಡಿಯಬಹುದು. ಸದಾ ಧಾರೆಯಾಗಿ ಹರಿದರೆ, ಬರೆಯ ಟ್ಯಾಂಕಿನ ಒತ್ತಡ ಗೀಸರ್‌ಗೆ ಹೆಚ್ಚಾಗಿರಬಹುದು, ತೋರಿಸಿ.

ಗ್ಯಾಸ್ ಗೀಸರ್ ವಿಷಯಕ್ಕೆ ಇನ್ನಷ್ಟು ಗಟ್ಟಿಯಾಗಿ ಹೇಳುತ್ತೇನೆ. ಸಿಲಿಂಡರ್ ಹೊರಗಿದ್ದರೆ ಸಾಕು ಅಂತ ಬಹಳ ಜನ ನಂಬಿದ್ದಾರೆ. ಸಾಲದು. ಉರಿಯುವ ಪೆಟ್ಟಿಗೆ ಬಚ್ಚಲೊಳಗಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದೂ ಅಲ್ಲೇ. ಚಳಿಗೆ ವೆಂಟಿಲೇಟರ್‌ಗೆ ರಟ್ಟು ಒತ್ತಿ ಬಿಡುವ ನಮ್ಮ ಅಭ್ಯಾಸಕ್ಕೆ ಅದು ಕೊಲ್ಲುವ ಜೋಡಿ. ವಾಸನೆ ಇಲ್ಲ, ಹೊಗೆ ಇಲ್ಲ, ತಲೆನೋವು, ತಲೆಸುತ್ತು, ಅಷ್ಟೇ. ಒಳಗಿನವರು ಕೂಗಿದರೂ ಉತ್ತರ ಕೊಡದಿದ್ದರೆ ಬಾಗಿಲು ಒಡೆದು ಗಾಳಿಗೆ ತನ್ನಿ, 108ಕ್ಕೆ ಕರೆ ಮಾಡಿ. ಪೆಟ್ಟಿಗೆಯನ್ನು ಹೊರಗೋಡೆಗೆ ಹಾಕಿಸಿ.

ಮೇಲಿನ ಪೈಪ್ ಒಂದೇ ಜಾಗದಲ್ಲಿ ಪದೇ ಪದೇ ಬಿಟ್ಟುಕೊಳ್ಳುತ್ತಿದೆ

ಮೊದಲ ಸಲ ಬಿಟ್ಟುಕೊಂಡರೆ ಸೊಲ್ಯೂಷನ್ (ಪೈಪ್ ಅಂಟಿಸುವ ಅಂಟು) ಸರಿಯಾಗಿ ಹಿಡಿದಿಲ್ಲ ಅನ್ನಿ. ಪೈಪ್ ಒರೆಸಿ, ಒಣಗಿಸಿ, ಹಚ್ಚಿ, ಒಂದು ದಿನ ನೀರು ಬಿಡದೆ ಇಡಿ. ಮಳೆಯಲ್ಲಿ ಒದ್ದೆ ಪೈಪಿಗೆ ಹಚ್ಚಿದ ಸೊಲ್ಯೂಷನ್ ಹಿಡಿಯಲ್ಲ, ಕೊಡೆ ಹಿಡಿದುಕೊಳ್ಳಲು ಒಬ್ಬರು ಬೇಕು.

ಎರಡನೇ, ಮೂರನೇ ಸಲವೂ ಅಲ್ಲೇ ಬಿಟ್ಟು, ಎರಡು ತುದಿಯ ನಡುವೆ ಬೆರಳು ತೂರುವಷ್ಟು ಸಂದು ಕಂಡರೆ ಸೊಲ್ಯೂಷನ್ ಡಬ್ಬ ಕೆಳಗಿಡಿ. ಪೈಪ್ ತಾನಾಗಿ ಗಿಡ್ಡವಾಗಲ್ಲ, ಅದು ಕೂತಿರುವ ಮಣ್ಣು ಸರಿಯುತ್ತಿದೆ. ಬರೆಯ ಮೇಲೆ ಬಿರುಕು, ಹೊಸದಾಗಿ ಎದ್ದ ಒರತೆ, ತಿಳಿಯಾಗಿದ್ದ ಒರತೆಯಲ್ಲಿ ಕೆಂಪು ಕೆಸರು, ವಾಲಿದ ಕಂಬ, ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳದ ಬಾಗಿಲು: ಇವುಗಳಲ್ಲಿ ಒಂದು ಜೊತೆಗೆ ಕಂಡರೂ ಮನೆಯವರನ್ನೆಲ್ಲ ಹೊರಡಿಸಿ, ಪಂಚಾಯಿತಿಗೂ ತಾಲೂಕು ಕಚೇರಿಗೂ ತಿಳಿಸಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಇಳಿದದ್ದನ್ನು ಕಂಡ ಮೇಲೆ ಇದಕ್ಕೆ ಬೇರೆ ವಿವರಣೆ ಬೇಕಿಲ್ಲ. ಹೊರಡುವ ದಾರಿಯಲ್ಲೇ ಸಿಗುವುದಾದರೆ ಮಾತ್ರ ಪೈಪಿನ ವಾಲ್ವ್ ಮುಚ್ಚಿ, ಅದಕ್ಕಾಗಿ ಬರೆ ಹತ್ತಬೇಡಿ.

ಇಷ್ಟೆಲ್ಲ ಆಗುವ ಮುಂಚೆ, ಬೇಸಿಗೆಯಲ್ಲೇ, ಟ್ಯಾಂಕಿನ ಓವರ್‌ಫ್ಲೋ ಎಲ್ಲಿ ಬೀಳುತ್ತಿದೆ ಅಂತ ನೋಡಿ. ನಮ್ಮದು ಹತ್ತು ವರ್ಷದಿಂದ ಹಗಲೂ ರಾತ್ರಿ ಬರೆಯ ತಲೆಗೇ ಸುರಿಯುತ್ತಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಲವತ್ತು ಅಡಿ ಪೈಪ್, ಎರಡು ಎಲ್ಬೋ ಹಾಕಿ ಅದನ್ನು ತೋಡಿಗೆ ತಿರುಗಿಸಿದೆ. ಒಂದು ಮಧ್ಯಾಹ್ನದ ಕೆಲಸ.